ಅಲ್ಲಾಡಬೇಡಿ ತಾತನ ಕ್ಯಾಮೆರಾ

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಅಲ್ಲಾಡಬೇಡಿ ತಾತ ಅಂತ. ಹುಟ್ಟಿದಾಗ ಇಟ್ಟ ಹೆಸರು ಒಂದಿತ್ತು, ಇಲ್ಲ ಅಂತಲ್ಲ. ಅದನ್ನು ಕೇಳಿದವರೂ ಇಲ್ಲ, ಕೂಗಿದವರೂ ಇಲ್ಲ. ಅವನದು ಕ್ಷೌರದಂಗಡಿ. ಕುರ್ಚಿಯಲ್ಲಿ ಕೂತವರು ಕೋರ್ಟಿನ ಸಾಹೇಬರೇ ಆಗಲಿ, ರಚ್ಚೆ ಹಿಡಿದ ಮಗುವೇ ಆಗಲಿ, ಕೊರಳಿಗೆ ಬಿಳಿ ಬಟ್ಟೆ ಸುತ್ತಿ, ಗದ್ದಕ್ಕೆ ಎರಡು ಬೆರಳು ಕೊಟ್ಟು ಮುಖವನ್ನು ತನಗೆ ಬೇಕಾದ ಕಡೆ ತಿರುಗಿಸಿ, ಒಂದೇ ಮಾತು ಹೇಳುತ್ತಿದ್ದ: ಅಲ್ಲಾಡಬೇಡಿ. ಕೆಲವರು ಮನೆಗೆ ಹೋಗಿ ಕನ್ನಡಿ ಮುಂದೆ ನಿಂತಾಗಲೂ ಅಲ್ಲಾಡುತ್ತಿರಲಿಲ್ಲವಂತೆ. ಸುಳ್ಳೇ ಇರಬಹುದು, ಆದರೆ ಬೀದಿಯಲ್ಲಿ ಹಾಗೆ ಹೇಳಿಕೊಂಡು ನಗುತ್ತಿದ್ದರು.

ಅಂಥವನಿಗೆ ಅವನ ಕೈಯೇ ಕೈಕೊಟ್ಟಿತು. ಮೊದಮೊದಲು ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಏನೋ ಎಣಿಸುವ ಹಾಗೆ ಆಡತೊಡಗಿತು. ಆಮೇಲೆ ಇಡೀ ಕೈ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದು ಪ್ರಾಣ ತೆಗೆಯೋ ಕಾಯಿಲೆಯಲ್ಲ, ಹಾಗಂತ ಬಿಟ್ಟುಹೋಗೋ ಕಾಯಿಲೆಯೂ ಅಲ್ಲ ಅಂದರು. ತಾತ ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಕಿರುಬೆರಳನ್ನು ಗಿರಾಕಿಯ ಕೆನ್ನೆಗೆ ಊರಿ, ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಕೆಲಸ ಮುಂದುವರಿಸಿದ. ಬಹಳ ದಿನ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೊಂದು ಬೆಳಿಗ್ಗೆ ಹಳೆಯ ಗಿರಾಕಿಯೊಬ್ಬರ ಕಿವಿಯ ಹಿಂದೆ ಕತ್ತಿ ತಗುಲಿ ರಕ್ತ ಬಂತು. ಗಿರಾಕಿ ನಕ್ಕುಬಿಟ್ಟರು. ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ಮಗ ನಗಲಿಲ್ಲ. ಬಂದವನೇ, ಮಕ್ಕಳ ಕೈಯಿಂದ ಕಿತ್ತುಕೊಳ್ಳುವ ಹಾಗೆ, ಎಲ್ಲರ ಎದುರಿಗೇ ಅಪ್ಪನ ಕೈಯಿಂದ ಕತ್ತಿ ತೆಗೆದುಕೊಂಡ. ಮುಂದಿನ ತಿಂಗಳು ತಾತನ ಹಳೇ ಕುರ್ಚಿಯನ್ನೂ ಮಾರಿ, ದುಡ್ಡನ್ನು ತಂದು ಅಪ್ಪನ ಜೇಬಿಗೇ ಹಾಕಿದ. ಆ ವಿಷಯದಲ್ಲಿ ಅವನು ಪ್ರಾಮಾಣಿಕ, ಅದನ್ನು ಒಪ್ಪಲೇಬೇಕು.

ಅಲ್ಲಿಂದ ಶುರುವಾಯಿತು ನೋಡಿ ಮನೆಯವರ ಕಾಳಜಿ. ಕಾಳಜಿ ಎಂಥ ಕೆಟ್ಟ ವಸ್ತು ಅನ್ನೋದು ಅನುಭವಿಸಿದವನಿಗೇ ಗೊತ್ತು. ಗಾಜಿನ ಲೋಟ ಹೋಗಿ ಸ್ಟೀಲ್ ಲೋಟ ಬಂತು. ಸ್ಟೀಲ್ ಲೋಟದಲ್ಲೂ ಕಾಫಿ ಅರ್ಧ. ಚೆಲ್ಲುತ್ತೆ ಅಂತ ಹೆಂಡತಿ ಅರ್ಧವೇ ಹಾಕಿಕೊಡುವಳು, ಅದು ಮುಗಿದ ಮೇಲೆ ಇನ್ನರ್ಧ ತರುವಳು. ಎರಡೂ ಸೇರಿದರೆ ಒಂದೇ ಲೋಟ ಆಯಿತಲ್ಲ ಅಂತ ಅವಳ ವಾದ. ಆಗುವುದಿಲ್ಲ ಅಂತ ತಾತನಿಗೆ ಗೊತ್ತು. ಬಾಗಿಲ ಚಿಲಕ ಹಾಕಲು ಎದ್ದರೆ ಸೊಸೆ ಓಡಿಬಂದು, ನಿಮಗ್ಯಾಕೆ ತೊಂದರೆ ಮಾವ, ಕೂತ್ಕೊಳ್ಳಿ ಅನ್ನುವಳು. ಕೂತು ಕೂತು ಮುದುಕನಿಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ಸಮುದ್ರ ನೋಡಿಕೊಂಡು ಬರೋಣ ಅನ್ನೋ ಮಾತು ಬಂತು. ಮನೆಮಂದಿಯೆಲ್ಲ ಒಟ್ಟಿಗೆ ಹೊರಡುವುದು ಅದೇ ಮೊದಲು. ಅಂಗಡಿ ಇಟ್ಟುಕೊಂಡವರಿಗೆ ರಜ ಎಲ್ಲಿಂದ ಬರಬೇಕು? ಊಟಕ್ಕೆ ಕೂತಾಗ ಮಗ ಒಬ್ಬೊಬ್ಬರಿಗೂ ಕೆಲಸ ಹಂಚಿದ. ಟಿಕೆಟ್ಟು, ರೂಮು ತನ್ನದು. ಬಟ್ಟೆಬರೆ ಅಮ್ಮನದು. ಫೋಟೊ ತನ್ನ ಹೆಂಡತಿಯದು, ಅವಳ ಫೋನಿನಲ್ಲಿ. ಪುಟ್ಟ ಮಗಳಿಗೂ ಒಂದು ಕೆಲಸ ಸಿಕ್ಕಿತು, ಅವಳ ಟೋಪಿಯನ್ನು ಅವಳೇ ನೋಡಿಕೊಳ್ಳಬೇಕು. ಅಪ್ಪ, ನೀವು ಬ್ಯಾಗುಗಳ ಹತ್ತಿರ ಕೂತಿದ್ದರೆ ಸಾಕು ಅಂದ ಕೊನೆಗೆ.

ತಾತನಿಗೆ ಪಿತ್ತ ನೆತ್ತಿಗೇರಿತು. ಫೋಟೊ ನಾನು ತೆಗೀತೀನಿ ಅಂದುಬಿಟ್ಟ. ಸೊಸೆ ತಟ್ಟೆ ನೋಡಿದಳು. ಹಿಂದೊಂದು ಸಲ ಅವಳ ಫೋನಿನಲ್ಲಿ ಮಾವ ಫೋಟೊ ತೆಗೆಯಲು ಹೋಗಿ, ನಡುಗುವ ಬೆರಳು ಎಲ್ಲೆಲ್ಲೋ ತಗುಲಿ, ಅವಳ ಆಫೀಸಿನ ಮ್ಯಾನೇಜರಿಗೆ ಫೋನ್ ಹೋಗಿ, ಆತ ಅರ್ಧ ಗಂಟೆ ಮನೆಯ ಜಗಳವನ್ನೆಲ್ಲ ಕೇಳಿಸಿಕೊಂಡಿದ್ದ. ಅದನ್ನು ಯಾರೂ ಎತ್ತಲಿಲ್ಲ. ಆದರೆ ಮಗ, ಅಲ್ಲಾಡಿಹೋದ ಫೋಟೊ ಯಾರಿಗೆ ಬೇಕು ಅಂದ. ಅನ್ನಬಾರದಿತ್ತು. ಅಂದ.

"ಕೇಳಿಸ್ಕೋ," ಅಂದ ತಾತ. "ಕ್ಯಾಮೆರಾ ನಾನೇ ತಗೋತೀನಿ, ನನ್ನ ಕುರ್ಚಿ ದುಡ್ಡಲ್ಲಿ. ನೀವೆಲ್ಲ ಇರೋ ಒಂದು ಫೋಟೊ, ಅಲ್ಲಾಡದೆ ಇರೋದು, ಸಮುದ್ರದ ಮುಂದೆ ತೆಗೀತೀನಿ. ಆಗಲಿಲ್ಲ ಅಂದ್ರೆ ಸಾಯೋವರೆಗೂ ಅರ್ಧ ಲೋಟ ಕುಡ್ಕೊಂಡು ನೀವು ಹೇಳಿದ ಕಡೆ ಕೂತಿರ್ತೀನಿ, ತುಟಿ ಪಿಟಿಕ್ ಅನ್ನಲ್ಲ. ಆಯ್ತು ಅಂದ್ರೆ ನನಗೆ ತುಂಬಿದ ಲೋಟ ಕೊಡ್ಬೇಕು. ಚೆಲ್ಲಿದ್ರೆ ನಾನೇ ಒರೆಸ್ಕೋತೀನಿ."

ಕ್ಯಾಮೆರಾ ಅಂಗಡಿಗೆ ಹೆಂಡತಿಯೂ ಜೊತೆಗೆ ಹೊರಟಳು. ತಡೆಯಲು ಆಗದಿದ್ದರೆ ಚೌಕಾಸಿಯನ್ನಾದರೂ ಮಾಡೋಣ ಅಂತ ಅವಳ ಲೆಕ್ಕ. ಅಂಗಡಿ ಚಿಕ್ಕದು. ಗಾಜಿನ ಕೌಂಟರಿನ ಹಿಂದೆ ಒಬ್ಬಳು ಹುಡುಗಿ ನಿಂತಿದ್ದಳು. ಇಬ್ಬರನ್ನು ನೋಡಿದ್ದೇ ತಡ, ಮೊಳದುದ್ದದ ಲೆನ್ಸಿನ ಒಂದು ಕ್ಯಾಮೆರಾ ಎತ್ತಿ ಮುಂದಿಟ್ಟು, ಇಷ್ಟು ಮೆಗಾಪಿಕ್ಸೆಲ್, ಅಷ್ಟು ಜೂಮ್ ಅಂತ ಒಂದೇ ಉಸಿರಿಗೆ ಶುರು ಮಾಡಿದಳು. ತಾತ ಕೈ ಎತ್ತಿ ನಿಲ್ಲಿಸಿದ.

"ತಾಯಿ, ತಲೆ ಬೋಳಿಸೋದು ನನ್ನ ಕಸುಬು. ಅದನ್ನ ನನಗೇ ಮಾಡ್ಬೇಡ."

ಹುಡುಗಿ ಗೊಳ್ಳನೆ ನಕ್ಕಳು. ನಕ್ಕ ಮೇಲೆ ಸರಿಹೋದಳು. ಇಬ್ಬರಿಗೂ ಸ್ಟೂಲು ಹಾಕಿ, ಎಲ್ಲಿಗೆ ಹೋಗುತ್ತೀರಿ, ಯಾರ ಫೋಟೊ, ಎಷ್ಟರೊಳಗೆ ಬೇಕು ಅಂತ ಕೇಳಿದಳು. ಗೋಡೆ ತುಂಬ ಅಂಟಿಸುವ ಫೋಟೊ ಬೇಡವಾದರೆ ಮೆಗಾಪಿಕ್ಸೆಲ್ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ ಅಂದಳು. ಡಿಜಿಟಲ್ ಜೂಮ್ ಅನ್ನೋದು ಸುಮ್ಮನೆ ಹಿಗ್ಗಿಸೋದು, ಅದಕ್ಕೆ ದುಡ್ಡು ಕೊಡಬೇಡಿ ಅಂತಲೂ ಹೇಳಿದಳು. ತಾತ ಎಲ್ಲ ಕೇಳಿಸಿಕೊಂಡ. ಆಮೇಲೆ ತನ್ನ ಬಲಗೈಯನ್ನು ಕೌಂಟರಿನ ಮೇಲೆ ಇಟ್ಟ. ಅದು ತನ್ನ ಪಾಡಿಗೆ ಗಾಜಿನ ಮೇಲೆ ಟಕಟಕ ಅನ್ನತೊಡಗಿತು.

"ಇದಕ್ಕೆ ಏನಿದೆ?"

ಹೆಂಡತಿ ಬೇರೆ ಕಡೆ ತಿರುಗಿಕೊಂಡಳು. ಹುಡುಗಿ ತಿರುಗಲಿಲ್ಲ. ಕೆಳಗಿನ ಕಪಾಟಿನಿಂದ ಒಂದು ಪುಟ್ಟ ಕಪ್ಪು ಕ್ಯಾಮೆರಾ ತೆಗೆದಳು. ಕಳೆದ ವರ್ಷದ ಮಾಡೆಲ್, ಮೂಲೆಯಲ್ಲಿ ಒಂದು ಗೀರು, ಅದಕ್ಕೇ ಬೆಲೆ ಇಳಿಸಿಟ್ಟಿದ್ದರು. ಇದರೊಳಗೆ ನಡುಕ ತಡೆಯೋ ವ್ಯವಸ್ಥೆ ಇದೆ, ಆದರೆ ಸ್ವಲ್ಪ ಮಾತ್ರ ಅದು ತಡೆಯುತ್ತೆ, ಮಿಕ್ಕಿದ್ದು ನೀವೇ ತಡೀಬೇಕು ಅಂದಳು. ಬಿಸಿಲಿದ್ದಾಗ ಚಿಂತೆಯಿಲ್ಲ. ಬೆಳಕು ಕಡಿಮೆಯಾದಾಗ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ಬಿಟ್ಟುಕೊಂಡಿರುತ್ತೆ, ಆಗ ಏನು ಅಲ್ಲಾಡಿದರೂ ಕಲಸಿಹೋಗುತ್ತೆ. ತಾತನಿಗೆ ಹಿಡಿಸಿದ್ದು ಎರಡು ಸಂಗತಿ. ಇದಕ್ಕೆ ಸಾಮಾನ್ಯ ಸೆಲ್ಲು ಸಾಕು, ಚಾರ್ಜರಿನ ವೈರನ್ನು ಸೂಜಿಗೆ ದಾರ ಪೋಣಿಸುವ ಹಾಗೆ ಪೋಣಿಸುತ್ತ ಕೂರಬೇಕಾಗಿಲ್ಲ. ಇನ್ನೊಂದು, ಒತ್ತಿದರೆ ಬೆರಳಿಗೆ ಗೊತ್ತಾಗುವಂಥ ನಿಜವಾದ ಬಟನ್ನು. ಅರ್ಧ ಒತ್ತಿದರೆ ಕಾಯುತ್ತೆ, ಪೂರ್ತಿ ಒತ್ತಿದರೆ ತೆಗೆಯುತ್ತೆ.

ಪರೀಕ್ಷೆಗೆ ಅಂತ ತಾತ ಅಲ್ಲೇ ತೆಗೆದ ಮೊದಲ ಫೋಟೊದಲ್ಲಿ ಹೆಂಡತಿಯ ಮುಖ ನೀರಲ್ಲಿ ಕಲಸಿದ ಹಿಟ್ಟಿನಂತೆ ಬಂತು. ಎರಡನೆಯದೂ ಹಾಗೇ. ಮೂರನೆಯ ಸಲಕ್ಕೆ ಎತ್ತಿದಾಗ, ಪಾಪ, ಆ ಹುಡುಗಿಗೇನು ಗೊತ್ತು, ತನ್ನ ಅಭ್ಯಾಸದಂತೆ ಅಂದಳು: "ಅಲ್ಲಾಡಬೇಡಿ ಸಾರ್."

ಹೆಂಡತಿ ಸ್ಟೂಲಿನಿಂದ ಅರ್ಧ ಎದ್ದಳು. ತಾತ ಕ್ಯಾಮೆರಾ ಕೆಳಗಿಳಿಸಿ ಹುಡುಗಿಯನ್ನೇ ನೋಡಿದ. ಜೀವಮಾನವಿಡೀ ಊರಿಗೆಲ್ಲ ಹೇಳಿದ ಮಾತು, ತಿರುಗಿ ತನಗೇ ಯಾರೂ ಹೇಳಿರಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕುರ್ಚಿಯಲ್ಲಿ ಕೂತವರು ಆ ಮಾತು ಕೇಳಿ ಏನು ಮಾಡುತ್ತಿದ್ದರು ಅಂತ ನೆನಪಾಯಿತು, ಉಸಿರು ಹಿಡಿಯುತ್ತಿದ್ದರು. ಅವನೂ ಹಿಡಿದ. ಕಿರುಬೆರಳನ್ನು ಕೌಂಟರಿನ ಅಂಚಿಗೆ ಊರಿದ, ಮೊಣಕೈಯನ್ನು ಪಕ್ಕೆಗೆ ಒತ್ತಿದ, ಕತ್ತಿ ಹಿಡಿಯುತ್ತಿದ್ದ ಹಾಗೆ. ಕ್ಲಿಕ್ ಅಂತು. ಪರದೆಯ ಮೇಲೆ ಹೆಂಡತಿಯ ಮುಖ ಗದ್ದದ ಮಚ್ಚೆ ಸಮೇತ ಬಂದು ಕೂತಿತ್ತು. ನನಗೆ ಇಷ್ಟೊಂದು ವಯಸ್ಸಾಗಿದೆಯಾ ಅಂತ ಅವಳು ಮುಖ ಊದಿಸಿಕೊಂಡಳು. ಆ ಸಿಟ್ಟನ್ನೆಲ್ಲ ಚೌಕಾಸಿಗೆ ತಿರುಗಿಸಿ, ಮೆಮೊರಿ ಕಾರ್ಡನ್ನು ಬಿಟ್ಟಿಯಾಗಿ ಹಾಕಿಸಿಕೊಂಡೇ ಅಂಗಡಿಯಿಂದ ಎದ್ದಳು.

ಬಸ್ಸು ಹತ್ತಿದಾಗಿನಿಂದ ತಾತ ಕ್ಯಾಮೆರಾ ಕೆಳಗಿಡಲಿಲ್ಲ. ಬ್ಯಾಗುಗಳನ್ನೂ ಕಾದ, ಫೋಟೊನೂ ತೆಗೆದ. ಸಮುದ್ರ ಸೇರಿದ ಮೇಲಂತೂ ಕೇಳಲೇಬೇಡಿ. ಸಂಜೆ ರೂಮಿನಲ್ಲಿ ಮಂಚದ ಮೇಲೆ ಎಲ್ಲರೂ ಮುತ್ತಿಕೊಂಡು ನೋಡತೊಡಗಿದರು. ನೋಡುತ್ತ ನೋಡುತ್ತ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಮೊಮ್ಮಗಳ ಜಡೆ. ಹೆಂಡತಿಯ ತುರುಬು. ಸೊಸೆಯ ಕತ್ತು. ಮಗನ ಹಿಂದಲೆ. ಮತ್ತೆ ಜಡೆ, ಮತ್ತೆ ತುರುಬು. ಎಲ್ಲ ಹಿಂದಿನಿಂದ. ಮುಖ ಅನ್ನೋದು ಔಷಧಿಗೂ ಇರಲಿಲ್ಲ. ಕ್ಷೌರಿಕ ಅಲ್ಲವೇ, ಆಯುಷ್ಯವೆಲ್ಲ ಮನುಷ್ಯರ ಬೆನ್ನ ಹಿಂದೆ ನಿಂತು ನೋಡಿದವನು. ಕಣ್ಣು ತಾನಾಗಿಯೇ ಅಲ್ಲಿಗೇ ಹೋಗಿತ್ತು. ನಕ್ಕು ನಕ್ಕು ಹೆಂಡತಿಗೆ ಕಣ್ಣಲ್ಲಿ ನೀರು ಬಂತು.

ತಾತನಿಗೆ ನಾಚಿಕೆಯಾಯಿತು, ಆದರೆ ಅದನ್ನು ತೋರಿಸುವ ಆಸಾಮಿಯೇ ಅವನು? ಮಗನ ಹಿಂದಲೆಯ ಫೋಟೊ ತೆಗೆದು ಅವನ ಮೂಗಿಗೇ ಹಿಡಿದ. ಇದನ್ನು ಕಟ್ ಮಾಡಿದವನು ಯಾರು, ಎಡಗಡೆ ಮೇಲೆ ಹೋಗಿದೆ, ನಿನಗೆ ಎರಡು ಸುಳಿ ಇದೆ ಅಂತ ಅವನಿಗೆ ಹೇಳಲಿಲ್ಲವಾ ಅಂತ ದಬಾಯಿಸಿದ. ಮಗ ಕತ್ತು ಸವರಿಕೊಂಡ. ಅವನ ತಲೆಯನ್ನು ಅಪ್ಪ ಬಿಟ್ಟು ಬೇರೆಯವರು ಮುಟ್ಟಿದ್ದು ಈಚೆಗಷ್ಟೇ. ಎಲ್ಲರೂ ಇರೋ ಫೋಟೊ ಇನ್ನೂ ಬಂದಿಲ್ಲ ಅಪ್ಪ, ನಾಳೆ ಹೊರಡ್ತೀವಿ ಅಂತಷ್ಟೇ ಅಂದ.

ಮಾರನೆಯ ದಿನ ಮೊಮ್ಮಗಳು ನೀರು ಬಿಟ್ಟು ಮೇಲೆ ಬರಲು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅವಳನ್ನು ಒರೆಸಿ, ಬಟ್ಟೆ ಹಾಕಿ, ಬ್ಯಾಗು ಕಟ್ಟಿ ದಡಕ್ಕೆ ತರುವ ಹೊತ್ತಿಗೆ ಹೊತ್ತು ಮುಳುಗಿತ್ತು. ಬಸ್ಸಿಗೆ ಹೆಚ್ಚು ಸಮಯವಿರಲಿಲ್ಲ. ಮರಳಿನ ಮೇಲೆ ಎಳೆದುಹಾಕಿದ್ದ ಒಂದು ದೋಣಿಯ ಮುಂದೆ ನಾಲ್ಕೂ ಜನ ನಿಂತರು. ತಾತ ತಲೆಯೆತ್ತಿ ಬೆಳಕು ನೋಡಿದ. ಹುಡುಗಿ ಹೇಳಿದ್ದು ನೆನಪಿತ್ತು. ಇದು ಕೆಟ್ಟರೆ ಮುಗಿಯಿತು, ಇನ್ನು ಬದುಕೆಲ್ಲ ಅರ್ಧ ಲೋಟ. ಮಗನಿಗೂ ಹಾಗೇ ಅನ್ನಿಸಿರಬೇಕು. ಆ ದಾರಿಯಲ್ಲಿ ಹೋಗುತ್ತಿದ್ದ ಯಾರನ್ನೋ ಕರೆದು, ಒಂದು ಫೋಟೊ ತೆಗೆದುಕೊಡ್ತೀರಾ ಅಂತ ಕೇಳಿಯೇಬಿಟ್ಟ.

"ಯಾರೂ ಬೇಡ," ಅಂದ ತಾತ, ಆ ಮನುಷ್ಯನಿಗೆ. "ನೀವು ಹೋಗಿ ಸ್ವಾಮಿ. ಇವರು ನನ್ನ ಗಿರಾಕಿಗಳು."

ತನ್ನನ್ನು ಕಾಯಲು ಕೂರಿಸಿದ್ದ ಬ್ಯಾಗುಗಳನ್ನೇ ಒಂದರ ಮೇಲೊಂದು ಪೇರಿಸಿದ. ಎದೆಯೆತ್ತರ ಆಗಲಿಲ್ಲ, ಮಂಡಿಯೂರಿ ಕೂತ. ಕ್ಯಾಮೆರಾ ಇಟ್ಟು ಒಮ್ಮೆ ನೋಡಿದ. ಸರಿಯೆನಿಸಲಿಲ್ಲ. ಎದ್ದು ಹೋಗಿ ಒಬ್ಬೊಬ್ಬರ ಗದ್ದಕ್ಕೂ ಎರಡು ಬೆರಳು ಕೊಟ್ಟು ಮುಖ ತಿರುಗಿಸಿದ. ಹೆಂಡತಿ, ಸೊಸೆ, ಮೊಮ್ಮಗಳು, ಕೊನೆಗೆ ಮಗ. ನಡುಗುವ ಬೆರಳು ಗದ್ದ ಮುಟ್ಟಿದಾಗ ಮಗ ಕಣ್ಣು ಮುಚ್ಚಿಕೊಂಡ. ತಾತ ವಾಪಸ್ಸು ಬಂದು ಕಿರುಬೆರಳನ್ನು ಬ್ಯಾಗಿಗೆ ಊರಿ, ಉಸಿರು ಹಿಡಿದು, ಇಡೀ ದಡಕ್ಕೆ ಕೇಳುವ ಹಾಗೆ ಹೇಳಿದ: "ಅಲ್ಲಾಡಬೇಡಿ."

ಕ್ಯಾಮೆರಾ ಕ್ಲಿಕ್ ಅಂದದ್ದೇ ಎಲ್ಲರೂ ಓಡಿಬಂದರು. ಪರದೆಯಲ್ಲಿ ದೋಣಿಯ ಹಗ್ಗದ ಎಳೆ ಎಳೆಯೂ ಕಾಣುತ್ತಿತ್ತು. ಹೆಂಡತಿಯ ಮಚ್ಚೆ ಇತ್ತು, ಸೊಸೆಯ ಕನ್ನಡಕ ಇತ್ತು, ಮೊಮ್ಮಗಳ ಟೋಪಿಯ ಹೂವಿತ್ತು. ಕಲಸಿಹೋಗಿದ್ದು ಒಬ್ಬನೇ, ಮಗ. ಅಪ್ಪನ ಕೈ ನಡುಗುತ್ತಿದೆಯಾ ಅಂತ ನೋಡಲು ಕತ್ತು ಚಾಚಿದ್ದ.

"ಅಲ್ಲಾಡಿದ್ದು ನಾನಲ್ಲ," ಅಂದ ತಾತ. "ನೀನು."

ಮಗ ಪರದೆಗೆ ಬಗ್ಗಿ ನೋಡಿದ. ಆಮೇಲೆ ಯಾರೂ ಹೇಳದೆ ಹೋಗಿ ದೋಣಿಯ ಮುಂದೆ ನಿಂತ, ಎರಡೂ ಕೈಯನ್ನು ಮೈಗೆ ಒತ್ತಿಕೊಂಡು, ಚಿಕ್ಕವನಾಗಿದ್ದಾಗ ಆ ಹಳೇ ಕುರ್ಚಿಯಲ್ಲಿ ಕೂರುತ್ತಿದ್ದ ಹಾಗೆ. ಮಿಕ್ಕವರೂ ಸೇರಿಕೊಂಡರು. ಈ ಸಲ ಅವನು ರೆಪ್ಪೆಯನ್ನೂ ಬಡಿಯಲಿಲ್ಲ. ಫೋಟೊದಲ್ಲಿ ಎಲ್ಲರೂ ಬಂದರು, ನೆಟ್ಟಗೆ.

ದಡದ ಆಚೆ ಒಂದು ಕಾಫಿ ಗಾಡಿಯಿತ್ತು. ಮಗ ತಾನೇ ಹೋದ. ಗಾಜಿನ ಲೋಟದಲ್ಲಿ, ಅಂಚಿನವರೆಗೆ ತುಂಬಿಸಿಕೊಂಡು, ಮರಳಿನಲ್ಲಿ ಕಾಲು ಹುಗಿಯುತ್ತ, ಬಿಸಿಗೆ ಕೈ ಬದಲಾಯಿಸುತ್ತ ಬಂದ. ತಂದು ಅಪ್ಪನ ಮುಂದೆ ಹಿಡಿದಾಗ ಅವನ ಅಂಗಿಯ ತೋಳೆಲ್ಲ ಕಾಫಿಯಾಗಿತ್ತು. ತಾತ ಲೋಟದೊಳಗೆ ಬಗ್ಗಿ ನೋಡಿದ.

"ಇದು ಅರ್ಧ ಇದೆ," ಅಂದ. "ಹೋಗಿ ತುಂಬಿಸ್ಕೊಂಡು ಬಾ."

ಹೆಂಡತಿ, ಬಸ್ಸು ಹೋಗುತ್ತೆ ರೀ ಅಂದಳು. ಹೋದರೆ ಹೋಗಲಿ ಅಂದ ತಾತ. ಮಗ ಲೋಟ ಹಿಡಿದು ಗಾಡಿಯ ಕಡೆ ತಿರುಗಿದ. ಈ ಸಲ ನಿಧಾನವಾಗಿ ನಡೆದು, ತುಂಬಿದ್ದು ತುಂಬಿದ ಹಾಗೇ ತಂದುಕೊಟ್ಟ. ತಾತ ಎರಡೂ ಕೈಯಲ್ಲಿ ಹಿಡಿದು ಕುಡಿದ. ಒಂದಿಷ್ಟು ಅಂಗಿಯ ಮೇಲೆ ಚೆಲ್ಲಿತು. ಸೊಸೆಯ ಕೈ ಸೆರಗಿಗೆ ಹೋಗಿ ಅಲ್ಲೇ ನಿಂತಿತು. ತಾತ ಪೂರ್ತಿ ಕುಡಿದು ಮುಗಿಸಿ, ಜೇಬಿನಿಂದ ಕರವಸ್ತ್ರ ತೆಗೆದು ತಾನೇ ಒರೆಸಿಕೊಂಡ.