ತಟ್ಟೆ ಮೂಸುವ ಡಾಕ್ಟರಮ್ಮ

ಚಂದ್ರಕಲಾ ಡಾಕ್ಟರಮ್ಮ ರೋಗದ ಬ್ಯಾಕ್ಟೀರಿಯಾಗಳನ್ನು ಮೊದಲು ಮೂಸಿ ನೋಡುತ್ತಿದ್ದರು. ಅವು ಬೆಳೆದ ಗಾಜಿನ ತಟ್ಟೆಯ ಮುಚ್ಚಳ ಎತ್ತಿ, ಕನ್ನಡಕ ಹಣೆಗೇರಿಸಿ, ನಮ್ಮವ್ವ ಹಳಸಿದ ಸಾರನ್ನು ಮೂಸುವ ಹಾಗೆ ಮೂಸಿ, "ಕೊಳತ ಮೀನಿನ ವಾಸನಿ ಅದ. ಇದು ಪ್ರೋಟಿಯಸ್" ಎನ್ನುತ್ತಿದ್ದರು. ಆಮೇಲೆ ಸಕ್ಕರೆ, ಯೂರಿಯಾ ಬೆರೆಸಿದ ನಳಿಗೆಗಳಲ್ಲಿ ಅದನ್ನು ಬೆಳೆಸಿ, ಬಣ್ಣ ತಿರುಗುವುದನ್ನು ಕಂಡ ಮೇಲೆಯೇ ವರದಿಗೆ ಸಹಿ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಸಿಂಧನೂರಿನ ಅವರ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್ ಆಗಿದ್ದೆ.

"ಮೂಸಬ್ಯಾಡ್ರಿ ಮೇಡಂ, ಒಂದಿನ ಮೂಗಿನಾಗ ಹೊಕ್ಕೊಂತಾವ" ಎಂದು ಜಗಳಕ್ಕೇ ನಿಲ್ಲುತ್ತಿದ್ದೆ.

"ಸುಮ್ಕಿರಲೇ ಬಸ್ಯಾ. ನಮ್ಮ ಗುರುಗಳು ಹಿಂಗ ಕಲಿಸ್ಯಾರ" ಎಂದು ನಗುತ್ತಾ ಸಿಹಿ ಚಹಾ ಕುಡಿಯುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಹೇಳಿದ ಮಾತು ಕೇಳುವ ಜೀವವೇ ಅಲ್ಲ ಅದು.

ಒಂದು ಸಲ ಗೊರೇಬಾಳದ ಹನುಮಂತನನ್ನು ಅವನ ಹೆಂಡತಿ ಆಟೋದಲ್ಲಿ ಕರೆತಂದಳು. ಕಾಲುವೆ ನೀರಿನ ಭತ್ತದ ಗದ್ದೆಯ ಕೆಸರಿನಲ್ಲಿ ದುಡಿಯುವವನು. ಬಿಡದ ಜ್ವರ, ತೊಡೆಯಲ್ಲಿ ಕೀವು. ಅಲ್ಲಿಯವರೆಗೆ ಟಿಬಿ ಎಂದು ಮಾತ್ರೆ ನುಂಗಿಸಿದ್ದರು. ಕೀವಿನಿಂದ ಬೆಳೆದದ್ದನ್ನು ಬೇರೆಯವರಾಗಿದ್ದರೆ ಹೊರಗಿನ ಹೊಲಸು ಬಿದ್ದಿದೆ ಎಂದು ಚೆಲ್ಲುತ್ತಿದ್ದರು. ಇವರಿಗೆ ವಾಸನೆಯ ಗುರುತು ಹತ್ತಲಿಲ್ಲ. ಅದಕ್ಕೇ ದಿನಾ ಮೂಸಿದರು.

"ಹಸೀ ಮಣ್ಣಿನ ವಾಸನಿ ಅಲ್ಲೇನಲೇ?"

ನಾನು ಮುಖ ತಿರುಗಿಸಿಕೊಂಡೆ. ಬ್ಯಾಕ್ಟೀರಿಯಾದ ಜಾತಿ ಹಿಡಿಯುವ ಆಕ್ಸಿಡೇಸ್ ಕಾಗದಕ್ಕೆ ಸವರಿದಾಗ ಕಾಗದ ನೇರಳೆಯಾಯಿತು. ಜೆಂಟಾಮೈಸಿನ್ ಔಷಧಿಯ ಬಿಲ್ಲೆಯ ಸುತ್ತ ಸಾಯಬೇಕಾದದ್ದು ಬಿಲ್ಲೆಗೇ ಅಂಟಿಕೊಂಡು ಬೆಳೆಯಿತು. ಉಳಿದ ಪರೀಕ್ಷೆಗಳೂ ಸೇರಿ ಒಂದೇ ಹೆಸರು ಹೇಳಿದವು.

"ಮೆಲಿಯಾಯ್ಡೋಸಿಸ್, ಬಸ್ಯಾ! ಮಣ್ಣಾಗ, ನೀರಾಗ ಇರೋ ಬ್ಯಾಕ್ಟೀರಿಯಾದಿಂದ ಬರತದ. ಈ ಕಾಲುವಿ ಕಡೆ ಟಿಬಿ ಅಂತ ಎಷ್ಟು ಮಂದಿ ಸತ್ತಾರೋ!"

ಹೈದರಾಬಾದಿನಿಂದ ಬೇರೆ ಇಂಜೆಕ್ಷನ್ ತರಿಸಿದರು. ಹನುಮಂತ ಎದ್ದು ಕೂತು ರೊಟ್ಟಿ ಕೇಳಿದ.

ಅದರ ಬೆನ್ನಿಗೇ ಅವರಿಗೆ ಜ್ವರ ಬಂತು. ಮಲೇರಿಯಾ ಎಂದುಕೊಂಡು ಮಾತ್ರೆ ನುಂಗಿ ಕೆಲಸಕ್ಕೇ ಬಂದರು. ಕೊನೆಗೆ ನಾನು ಕೂಗಾಡಿ ರಕ್ತ ತೆಗೆದೆ. ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಬೆಳೆದು ಕಾಣುವಷ್ಟರಲ್ಲಿ ಅವರು ಆಸ್ಪತ್ರೆಯ ಮಂಚ ಹಿಡಿದಿದ್ದರು. ಕಾಗದ ನೇರಳೆಯಾದ ಕೂಡಲೇ ಆಸ್ಪತ್ರೆಗೆ ಓಡಿದೆ.

"ಏನ್ ಬೆಳೀತೋ?" ಏದುಸಿರಿನಲ್ಲಿ ಕೇಳಿದರು.

"ಅದೇ ರೀ ಮೇಡಂ." ನನಗೆ ಅಳು ತಡೆಯಲಾಗಲಿಲ್ಲ. "ಹನುಮಂತನ ಇಂಜೆಕ್ಷನ್ ಇನ್ನೂ ಉಳದಾವ. ಈಗ ತರ್ತೀನ್ರಿ."

"ಮುಟ್ಟಬ್ಯಾಡ. ಅವನ ಕೋರ್ಸ್ ಮುಗದಿಲ್ಲ. ನಡುವ ಬಿಟ್ರ ಮತ್ತ ಏಳತದ, ಸಾಯ್ತಾನ. ನನಗ ಬ್ಯಾರೆ ತರಸು."

"ಅದು ಬರೋತನಕ ನೀವು ತಡೀಬೇಕಲ್ರೀ!"

"ತಡೀತೀನಿ, ಹೋಗು."

ಆ ಮಾತು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಹೈದರಾಬಾದಿಗೆ ಫೋನು ಮಾಡಿ ಗೋಗರೆದೆ. ಮರುದಿನ ಮುಂಜಾನೆಯ ಬಸ್ಸಿನಲ್ಲಿ ಇಂಜೆಕ್ಷನ್ ಬಂತು. ಡಬ್ಬಿ ಎದೆಗವುಚಿಕೊಂಡು ಬಸ್‌ಸ್ಟ್ಯಾಂಡಿನಿಂದ ಓಡಿ ಬರುವಷ್ಟರಲ್ಲಿ, ಆಸ್ಪತ್ರೆಯವರು ಅವರ ಮಂಚದ ಮೇಲಿನ ಹಾಸಿಗೆಯನ್ನು ಸುತ್ತಿಟ್ಟಿದ್ದರು.