ಭಾವನವರು ಮಟ್ಟ ಮಾಡಿಸಿದ ಬದು

ಪುಟ್ಟಿ, ಚಿನ್ನು, ನಿಮ್ಮ ದೊಡ್ಡ ತಾತನನ್ನು, ಅಂದರೆ ನನ್ನ ಭಾವನವರನ್ನು, ಎಲ್ಲರೂ ಬುದ್ಧಿವಂತರು ಅನ್ನುತ್ತಾರೆ. ನಾನು ಅನ್ನುವುದಿಲ್ಲ.

ಯಲಹಂಕದಾಚೆ ಕೆರೆಯ ಮೇಲಿನ ಇಳಿಜಾರಿನಲ್ಲಿ ಮೇಲಿನ ಹೊಲ ಅವರದು, ಕೆಳಗಿನದು ನಮ್ಮದು. ನಡುವೆ ಒಂದು ಮಣ್ಣಿನ ಬದು, ಕೆರೆಯ ಅಂಚಿಗೆ ಇನ್ನೊಂದು. ಎರಡನ್ನೂ ಕಟ್ಟಿ ಕತ್ತಾಳೆ ನೆಟ್ಟವರು ನಿಮ್ಮ ತಾತ. ಮಳೆ ಬಂದ ಮರುದಿನ ಗುದ್ದಲಿ ಹಿಡಿದು ಬದುವಿನುದ್ದಕ್ಕೂ ನಡೆದು, ಇಲಿ ತೋಡಿದ ಬಿಲಗಳನ್ನು ತುಳಿದು ಮುಚ್ಚುತ್ತಿದ್ದರು. ಆಮೇಲೆಯೇ ಕಾಫಿ.

ನಿಮ್ಮ ತಾತ ತೀರಿಹೋದ ಮೇಲೆ ಎರಡು ವರ್ಷ ಮಳೆಯಾಗಲಿಲ್ಲ. ಭಾವನವರು ಮನೆಗೆ ಬಂದು, "ಮಳೇನೇ ಇಲ್ಲ, ನಡುವೆ ಬದು ಯಾಕಮ್ಮಾ? ಜೆಸಿಬಿ ತರಿಸಿ ಮಟ್ಟ ಮಾಡಿಸ್ತೀನಿ. ಸೈಟ್ ನೋಡೋಕೆ ಬರೋರಿಗೆ ನೀಟಾಗಿ ಕಾಣ್ಬೇಕು" ಅಂದರು.

ನಮ್ಮಲ್ಲಿ ಗಂಡನ ಅಣ್ಣನೆದುರು ಹೆಂಗಸು ಮಾತಾಡುವಂತಿಲ್ಲ. ಅಡುಗೆಮನೆ ಬಾಗಿಲ ಹಿಂದೆ ನಿಂತು, ಅವರ ಜೊತೆ ಬಂದಿದ್ದ ಓರಗಿತ್ತಿಯ ಕಿವಿಯಲ್ಲಿ, "ನೀರು ಬಂದ್ರೆ ಎಲ್ಲೋಯ್ತದೆ ಅಂತ ಕೇಳಕ್ಕಾ" ಎಂದೆ. ಅವಳು ಕೇಳಿದಳು.

"ಓಹೋ, ಮೂರನೇ ಕ್ಲಾಸು ಓದ್ದೋಳು ಇಂಜಿನಿಯರ್ ಆಗ್ಬಿಟ್ಲು!" ಭಾವನವರು ನಕ್ಕರು. ನಾನು ಸುಮ್ಮನಾದೆ, ಜೆಸಿಬಿ ಬಂದು ನಡುವಿನ ಬದು ಮಟ್ಟವಾಯಿತು. ಆ ಸುಮ್ಮನಿರುವಿಕೆಯ ಮೇಲೂ ನನಗೆ ಅಸಹ್ಯವಿದೆ.

ಮುಂಚೆ ಸೋನೆ ಹಿಡಿದರೆ ವಾರಗಟ್ಟಲೆ. ನೆಲಕ್ಕೆ ನೀರು ಕುಡಿಯಲು ಪುರುಸೊತ್ತಿರುತ್ತಿತ್ತು. ಈಗ ತಿಂಗಳುಗಟ್ಟಲೆ ಸುಟ್ಟು, ಒಂದೇ ಮಧ್ಯಾಹ್ನ ಎಲ್ಲ ಸುರಿಯುತ್ತದೆ. ಕಾಲ ಕೆಟ್ಟಿದೆ, ನಿಜ. ಕೆಟ್ಟ ಕಾಲಕ್ಕೇ ಅಲ್ಲವೇ ಬದು ಬೇಕಾದ್ದು? ಅಷ್ಟು ಬುದ್ಧಿ ಬಿಲ ತೋಡುವ ಇಲಿಗೂ ಇದೆ.

ಅಂಥ ಒಂದು ಮಧ್ಯಾಹ್ನ ಅವರ ಕೆಮ್ಮಣ್ಣೆಲ್ಲ ನಮ್ಮ ರಾಗಿ ಪೈರನ್ನು ಮಲಗಿಸಿಕೊಂಡು ಕೆರೆ ಸೇರಿತು. ನಮ್ಮ ಕೆಳಗಿನ ಬದು ಹಿಡಿದಷ್ಟು ಹಿಡಿಯಿತು. ಮೇಲಿನ ಹೊಲದಲ್ಲಿ ಉಳಿದದ್ದು ಕಲ್ಲು, ಕೊರಕಲು. ಸೈಟ್ ನೋಡಲು ಬಂದವರು ಕಾರಿನಿಂದ ಇಳಿಯಲೂ ಇಲ್ಲ.

ಮುಂದಿನ ವಾರ ಆರ್.ಟಿ. ನಗರದ ಅವರ ಮನೆಗೆ ಹೋದೆ. ತಾರಸಿಯ ಕುಂಡಗಳಿಗೆಂದು ಚೀಲಗಟ್ಟಲೆ ಕೆಮ್ಮಣ್ಣು ಕೊಂಡು ತರಿಸಿದ್ದರು! "ಒಳ್ಳೇ ಮಣ್ಣು ಸಿಗೋದೇ ಕಷ್ಟ ಕಣಮ್ಮಾ ಈಗ."

ಅವತ್ತು ಬಾಗಿಲ ಮರೆಯಿಂದ ಈಚೆ ಬಂದೆ. "ಕೆರೇಲಿ ನೋಡಿ ಭಾವ. ನಿಮ್ದೇ ಅದೆ, ಬೇಕಾದಷ್ಟು."

ಉಳಿದಿರುವ ಬದುವನ್ನೂ ಮಟ್ಟ ಮಾಡಿಸಿ ಎರಡೂ ಹೊಲ ಒಟ್ಟಿಗೆ ಮಾರೋಣ ಎಂದು ಈಗಲೂ ಹೇಳಿ ಕಳಿಸುತ್ತಾರೆ. ನಾನು ಒಪ್ಪಿಲ್ಲ, ಆ ಬದು ಹಿಡಿದ ಮಣ್ಣಿನಲ್ಲಿ ಮತ್ತೆ ರಾಗಿ ಬಿತ್ತಿದ್ದೇನೆ. ನಾನಿಲ್ಲದ ಮೇಲೆ ಆ ಕಡೆಯವರು ಸಿಹಿ ಹಿಡಿದು ನಿಮ್ಮ ಹತ್ತಿರ ಬರುತ್ತಾರೆ. ಸಿಹಿ ತಿನ್ನಿ, ಸಹಿ ಮಾತ್ರ ಹಾಕಬೇಡಿ. ಈ ಹಾಳೆಗಳನ್ನು ಹೊಲದ ಪಹಣಿಯ ಜೊತೆಯಲ್ಲೇ ಇಡಿ, ನೀರು ತಾಗದ ಕಡೆ.