ಕೊಯ್ಯಬೇಕಿಲ್ಲದ ಮರ

ಸರ್ವಮಂಗಳಾ ಆಲ್ದೂರಿನ ಆಚೆಗಿರುವ ಒಂದು ಸಣ್ಣ ಕಾಫಿ ತೋಟದ ಯಜಮಾನಿ. ಮದುವೆಯಾಗಿ ಬಂದಂದಿನಿಂದ ಕಾಫಿ ಕೊಯ್ಲು, ಮೆಣಸಿನ ಕೊಯ್ಲು. ಒಂದನ್ನು ಒಣಗಿಸಿ ಒಳಗಿಡುವಷ್ಟರಲ್ಲಿ ಇನ್ನೊಂದು ಹಣ್ಣಾಗಿರುತ್ತದೆ. ಐವತ್ತು ದಾಟಿದ ಮೇಲೆ ಆಕೆ ಮನೆಯಲ್ಲಿ ಕೇಳಿದ್ದು ಒಂದೇ: ಅಂಗಳದ ನಡುವೆ, ಏನನ್ನೂ ಕೊಯ್ಯಬೇಕಿಲ್ಲದ ಒಂದು ಮರ.

ನರ್ಸರಿಯಿಂದ ತಂದದ್ದು ಕೊಂಬೆಗಳು ನೆಲದತ್ತ ಇಳಿಬೀಳುವ ಜಾತಿಯ ಬಾಟಲ್ ಬ್ರಷ್. ವರ್ಷವಿಡೀ ಹಸಿರು, ಕುಂಚದಂಥ ಕೆಂಪು ಹೂವು. ಇಂಥ ಗಿಡದ ನಡುಕಾಂಡವನ್ನು ಮೊದಲು ಬಿದಿರಿನ ಗೂಟಕ್ಕೆ ಕಟ್ಟಿ ಮೇಲೆತ್ತಬೇಕು, ಆಮೇಲೆ ಬಾಗಲು ಬಿಡಬೇಕು. ಆಕೆ ಬುಡದಲ್ಲಿ ನೀರು ನಿಲ್ಲದಂತೆ ಮಣ್ಣು ಏರಿಸಿದಳು, ಗಾಳಿಗೆ ಸಡಿಲವಾದ ಕಟ್ಟನ್ನು ಪ್ರತಿ ಮಳೆಗಾಲದಲ್ಲೂ ಬಿಗಿದಳು. ಗಂಡ ಬಸವಪ್ರಸಾದ್ ಅಂಗಳದಲ್ಲಿ ಕಾಫಿ ಒಣಗಲು ಹರಡುವಾಗಲೆಲ್ಲ ಕೇಳುತ್ತಿದ್ದರು: "ಇದ್ರಲ್ಲಿ ಎಂತ ಸಿಗುತ್ತೆ ಮಾರಾಯ್ತಿ?"

"ಎಂತದೂ ಇಲ್ಲ. ಅದಕ್ಕೇ ನೆಟ್ಟಿದ್ದು."

ಮರ ಸೂರಿನೆತ್ತರ ಬೆಳೆಯಿತು. ಗೇಟು ದಾಟಿದವರ ಕಣ್ಣು ಮೊದಲು ಅದರ ಮೇಲೆಯೇ.

ಕಳೆದ ವರ್ಷ ಆಕೆ ತಂಗಿ ಅರುಣಾಳ ಮಗಳ ಬಾಣಂತನಕ್ಕೆ ಚಿಕ್ಕಮಗಳೂರಿಗೆ ಹೋದಳು. ತೋಟದಲ್ಲಿ ಮರಗಸಿ ನಡೆಯುತ್ತಿತ್ತು. ಕಾಫಿಗೆ ಬೆಳಕು ಬೀಳಲೆಂದು ನೆರಳುಮರಗಳ ಕೊಂಬೆ ಸವರುವ ಕೆಲಸ. ತೋಟದಲ್ಲಿ ಜೋತುಬಿದ್ದ ಕೊಂಬೆಯನ್ನು ಯಾರೂ ಉಳಿಸುವುದಿಲ್ಲ, ಬೋಳು ಕಾಂಡ ಕಂಡರೆ ಮೆಣಸಿನ ಬಳ್ಳಿ ಹಚ್ಚದೆ ಬಿಡುವುದಿಲ್ಲ. ಮರ ಹತ್ತುವ ಆಳು ಶಂಕರ ಅಂಗಳದ ಮರಕ್ಕೂ ಎರಡನ್ನೂ ಮಾಡಿದ. ಬಸವಪ್ರಸಾದ್ ನೋಡುತ್ತ ನಿಂತಿದ್ದರು, ಬೇಡವೆನ್ನಲಿಲ್ಲ.

ಮಳೆ ಹಿಡಿದ ಮೇಲೆ ಆಕೆ ಹಿಂತಿರುಗಿದಾಗ ಅಂಗಳದಲ್ಲಿದ್ದದ್ದು ತುದಿಯಲ್ಲಿ ಹಿಡಿ ಸೊಪ್ಪಿದ್ದ ಒಂದು ಕಂಬ, ಬುಡದಲ್ಲಿ ಚಿಗುರುತ್ತಿದ್ದ ಬಳ್ಳಿ.

"ಪೂರಾ ಜೋತುಬಿದ್ದಿತ್ತು ಅಮ್ಮ, ಚಂದ ಮಾಡಿದೀನಿ," ಎಂದ ಶಂಕರ. "ಮೂರು ವರ್ಷಕ್ಕೆ ಮೆಣಸು ಕೊಯ್ಬಹುದು."

ಆ ಮಾತಿಗೆ ಆಕೆ ಜಗಲಿಯ ಮೇಲೆ ಕೂತುಬಿಟ್ಟಳು. ಮರುದಿನ ಬಳ್ಳಿಯನ್ನು ಬೇರುಸಹಿತ ಎಬ್ಬಿಸಿ ಶಂಕರನ ಕೈಗಿಟ್ಟಳು. "ನಿನ್ನ ಮನೆ ಹಿಂದೆ ಹಚ್ಚು. ಕೊಯ್ಯೋದೂ ನೀನೇ."

"ಚಿಗುರಿದ ಬಳ್ಳಿ ಯಾರಾದ್ರೂ ಕೀಳ್ತಾರೇನೇ?" ಎಂದರು ಬಸವಪ್ರಸಾದ್.

"ನಿಮ್ಮ ಕಣ್ಣೆದುರಿಗೇ ಮರ ಸವರಿದ್ನಲ್ಲ, ಆಗ ಈ ಬಾಯಿ ಎಲ್ಲಿತ್ತು?"

ಬಾಟಲ್ ಬ್ರಷ್ ಕಾಂಡದಿಂದಲೇ ಮತ್ತೆ ಚಿಗುರುತ್ತದೆ. ಈಗ ಗೇಣುದ್ದದ ಕೊಂಬೆಗಳು ಅಡ್ಡಕ್ಕೆ ಚಾಚಿವೆ. ಬಾಗುವುದಕ್ಕೆ ಇನ್ನೂ ಕೆಲವು ಮಳೆಗಾಲ ಬೇಕು.

ಆಗಾಗ ಅವರ ಮನೆಗೆ ಹೋಗಿಬರುವ ನಾನು ಈ ವರ್ಷ ಹೋದಾಗ ಮರಗಸಿ ಶುರುವಾಗಿತ್ತು. ಅರುಣಾಳ ಮೊಮ್ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಬಸವಪ್ರಸಾದ್ ಒಬ್ಬರೇ ಹೋಗಿದ್ದರು. ಸರ್ವಮಂಗಳಾ ಮರದ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡಿದ್ದಳು.

"ಎಷ್ಟೊತ್ತು ಕಾಯ್ತೀರಿ ಅಮ್ಮ?" ಏಣಿ ಹೊತ್ತು ಹೊರಟಿದ್ದ ಶಂಕರ ನಕ್ಕ.

"ನಿನ್ನ ಕತ್ತಿ ಒಳಗೆ ಹೋಗೋವರೆಗೆ."

ಮರಕ್ಕೆ ಇನ್ನೂ ನೆರಳಿಲ್ಲ. ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡು ಬಿಸಿಲಲ್ಲೇ ಕೂತಿದ್ದಳು.